ಅಪ್‌ಡೇಟ್: ದಿನಾ ತೂಕ ನೋಡಬೇಕಾ, ವಾರಕ್ಕೊಮ್ಮೆ ಸಾಕಾ?

ರಾತ್ರಿ ಬೆಳಗಾಗುವುದರಲ್ಲಿ ತೂಕ ಒಂದು ಕೆಜಿ ಏರಿರುತ್ತದೆ, ಹೀಗಿದ್ದಾಗ ದಿನಾ ನೋಡಿ ಏನು ಪ್ರಯೋಜನ ಅಂತ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ದಿನಾ ನೋಡುವುದನ್ನು ಬಿಟ್ಟಿಲ್ಲ. ನೋಡುವ ರೀತಿ ಬದಲಾಗಿದೆ. ಬೆಳಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದು, ಕಾಫಿಗೆ ಮೊದಲು, ನೈಟಿಯಲ್ಲೇ ನಿಲ್ಲುತ್ತೇನೆ. ಮೆಷಿನ್ ಯಾವಾಗಲೂ ಹಾಲ್‌ನ ಅದೇ ಟೈಲ್ ಮೇಲೆ. ಮ್ಯಾಟ್ ಮೇಲಿಟ್ಟರೆ ಅಂಕಿ ನಂಬುವ ಹಾಗಿಲ್ಲ. ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ, ಆ ಸರಾಸರಿಯನ್ನಷ್ಟೇ ಹೋದ ವಾರದ್ದಕ್ಕೆ ಹೋಲಿಸುತ್ತೇನೆ.

ಆ ಒಂದು ಕೆಜಿ ಎಲ್ಲಿಂದ ಬರುತ್ತದೆ ಅನ್ನುವುದೂ ಈಗ ಅರ್ಥವಾಗಿದೆ. ಒಂದು ಕೆಜಿ ಕೊಬ್ಬು ಕೂಡಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚುವರಿ ಬೇಕು. ಒಂದು ಮದುವೆ ಊಟದಲ್ಲಿ ಅಷ್ಟು ಆಗಲ್ಲ. ಉಪ್ಪಿನಕಾಯಿ, ಹಪ್ಪಳದ ಉಪ್ಪು ನೀರನ್ನು ಹಿಡಿದಿಡುತ್ತದೆ. ಅನ್ನ, ಹೋಳಿಗೆಯ ಪಿಷ್ಟ, ಸಕ್ಕರೆ ಗ್ಲೈಕೋಜನ್ (ಮೈ ಲಿವರ್, ಸ್ನಾಯುಗಳಲ್ಲಿ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ಆಗಿ ಕೂತರೆ, ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಸೇರುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲೂ ಹೀಗೇ ಮೈಯಲ್ಲಿ ನೀರು ನಿಲ್ಲುತ್ತದೆ. ಇದು ಗೊತ್ತಾದ ಮೇಲೆ ನನಗೆ ನಿಜಕ್ಕೂ ನೆಮ್ಮದಿ.

ಸೊಂಟವನ್ನೂ ಟೇಪ್ ಹಿಡಿದು ಅಳೆಯುತ್ತೇನೆ. ನಮ್ಮಲ್ಲಿ ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ದಾಟಬಾರದು ಅನ್ನುತ್ತಾರೆ.

ತಂಗಿಗೆ ಮಾತ್ರ ದಿನಾ ತೂಕ ನೋಡುವುದು ಒಗ್ಗಲಿಲ್ಲ. ಅಂಕಿ ಏರಿದರೆ ಊಟ ಬಿಡುತ್ತಿದ್ದಳು. ಅಂಥವರು ಸುಮ್ನೆ ಮೆಷಿನ್ ಎತ್ತಿಡುವುದೇ ವಾಸಿ.

ಇನ್ನೊಂದು ಪ್ರಶ್ನೆ. ನಮ್ಮ ಯಜಮಾನರಿಗೆ ನೈಟ್ ಶಿಫ್ಟ್, ಏಳುವುದೇ ಮಧ್ಯಾಹ್ನ. ಎದ್ದ ಕೂಡಲೇ ನೋಡಿದರೆ ಸರಿ ಅಲ್ವಾ? ಶಿಫ್ಟ್‌ನಲ್ಲಿರುವವರು ಯಾರಾದರೂ ಹೇಳಿ.