ಅಮೆರಿಕದ ಅಂತರ್ಯುದ್ಧ: ಗುಲಾಮಗಿರಿಯೋ, ರಾಜ್ಯಗಳ ಹಕ್ಕೋ?

ಚರಿತ್ರೆವಿದ್ಯಾರ್ಥಿ: 1607ರಲ್ಲಿ ಜೇಮ್ಸ್‌ಟೌನ್‌ನಲ್ಲಿ ಬೇರೂರಿದ ಇಂಗ್ಲಿಷ್ ವಸಾಹತು ಕ್ರಮೇಣ ಹದಿಮೂರಾಗಿ, 1776ರಲ್ಲಿ ಮನುಷ್ಯರೆಲ್ಲ ಸಮಾನರೆಂದು ಸಾರಿ ಬ್ರಿಟನ್ನಿನಿಂದ ಬಿಡಿಸಿಕೊಂಡಿತು. ಅದೇ ದೇಶ 1861ರಲ್ಲಿ ಗುಲಾಮಗಿರಿಯಿದ್ದ ದಕ್ಷಿಣ ಮತ್ತು ಉತ್ತರವೆಂದು ಇಬ್ಭಾಗವಾಗಿ ಕಾದಾಡಿದ್ದು ಗುಲಾಮಗಿರಿಗಾಗಿಯೋ, ಕೆಲವರು ವಾದಿಸುವಂತೆ ಕೇಂದ್ರದ ಹೇರಿಕೆಯಿಲ್ಲದೆ ತಮ್ಮ ವಿಚಾರ ತಾವೇ ನಿರ್ಧರಿಸುವ ರಾಜ್ಯಗಳ ಹಕ್ಕಿಗಾಗಿಯೋ?

ತುಂಗಾತೀರ: ಗುಲಾಮಗಿರಿಗಾಗಿಯೇ. 1787ರ ಸಂವಿಧಾನದಲ್ಲಿ ಆ ಪದವನ್ನು ಜಾಣತನದಿಂದ ತಪ್ಪಿಸಲಾಯಿತಾದರೂ, ಪ್ರತಿನಿಧಿಗಳ ಸಂಖ್ಯೆಯನ್ನು ನಿರ್ಧರಿಸುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸಲು, ಅವರ ಆಮದನ್ನು 1808ರವರೆಗೆ ನಿಷೇಧಿಸದಿರಲು ಮತ್ತು ಓಡಿಹೋದವರನ್ನು ಒಡೆಯರಿಗೆ ಮರಳಿಸಲು ಅದರಲ್ಲೇ ಅವಕಾಶವಿತ್ತು. ಮತವಿಲ್ಲದವರ ತಲೆಯೆಣಿಕೆಯಿಂದ ಒಡೆಯರಿಗೆ ಹೆಚ್ಚುವರಿ ಸ್ಥಾನಗಳು ದಕ್ಕಿದವು.

ಎರೆಭೂಮಿ: ಒಪ್ಪುತ್ತೇನೆ, ಆದರೆ ಆ ಪದ್ಧತಿ ತಾನಾಗಿಯೇ ಸೊರಗುತ್ತದೆಂಬ ನಂಬಿಕೆ ಅಂದು ಹಲವರಲ್ಲಿತ್ತು, ಓಹಿಯೋ ನದಿಯ ಉತ್ತರದ ಪ್ರದೇಶದಲ್ಲಿ 1787ರಲ್ಲೇ ಅದನ್ನು ನಿಷೇಧಿಸಲಾಗಿತ್ತು. ಲೆಕ್ಕ ತಪ್ಪಿದ್ದು ಹತ್ತಿಯಿಂದ. 1793ರಲ್ಲಿ ಎಲಿ ವಿಟ್ನಿ ಅರಳೆಯಿಂದ ಬೀಜ ಬಿಡಿಸುವ ಜಿನ್ ಯಂತ್ರವನ್ನು ರೂಪಿಸಿದ ಮೇಲೆ ದಕ್ಷಿಣದಲ್ಲಿ ಹತ್ತಿ ಹೊಲಗಳು ಪಶ್ಚಿಮಕ್ಕೆ ಹಬ್ಬಿದವು, ಮತ್ತು 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ 40 ಲಕ್ಷವನ್ನು ಸಮೀಪಿಸಿತು. ಹೊಸದಾಗಿ ಸೇರುವ ಪ್ರತಿಯೊಂದು ರಾಜ್ಯದಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬುದೇ ಜಗಳವಾಯಿತು. 1820ರ ಮಿಸೌರಿ ಒಪ್ಪಂದ ಪಶ್ಚಿಮದ ಪ್ರದೇಶಗಳಲ್ಲಿ ಗುಲಾಮಗಿರಿಗೆ ಉತ್ತರದ ಎಲ್ಲೆಯಾಗಿ ಒಂದು ಗೆರೆ ಎಳೆದು ಆ ಜಗಳವನ್ನು ತಡೆದಿತ್ತು. 1854ರ ಕ್ಯಾನ್ಸಸ್-ನೆಬ್ರಾಸ್ಕಾ ಕಾಯ್ದೆ ಆ ಗೆರೆಯನ್ನೇ ಅಳಿಸಿತು.

ಚರಿತ್ರೆವಿದ್ಯಾರ್ಥಿ: ಹಾಗಾದರೆ ರಾಜ್ಯಗಳ ಹಕ್ಕಿನ ವಾದದಲ್ಲಿ ಹುರುಳೇ ಇಲ್ಲವೇ?

ತುಂಗಾತೀರ: ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ 1850ರ ಕಾಯ್ದೆ ಉತ್ತರದ ರಾಜ್ಯಗಳ ಮೇಲೆ ಕೇಂದ್ರದ ಬಲವನ್ನು ಹೇರಿದಾಗ ಅದನ್ನು ಬಯಸಿದ್ದೇ ದಕ್ಷಿಣ. ಗುಲಾಮಗಿರಿ ಹಬ್ಬುವುದನ್ನು ವಿರೋಧಿಸಿದ ಲಿಂಕನ್ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದ ಬಳಿಕ 1860ರ ಡಿಸೆಂಬರಿನಲ್ಲಿ ಒಕ್ಕೂಟದಿಂದ ಮೊದಲು ಹೊರನಡೆದ ದಕ್ಷಿಣದ ರಾಜ್ಯ ಸೌತ್ ಕ್ಯಾರೊಲಿನಾ, ಉತ್ತರದವರು ಗುಲಾಮರನ್ನು ಮರಳಿಸುತ್ತಿಲ್ಲವೆಂದು ತನ್ನ ಘೋಷಣೆಯಲ್ಲೇ ದೂರಿತು. ಅಂದರೆ ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಅದರ ತಕರಾರು!

ಎರೆಭೂಮಿ: ನಮ್ಮ ಸೀಮೆಗೂ ಈ ಯುದ್ಧದ ಬಿಸಿ ತಟ್ಟಿತ್ತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುತ್ತಿದಾಗ ಅಲ್ಲಿನ ಹತ್ತಿ ಸಿಗದೆ ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿಗಳು ಭಾರತದ ಹತ್ತಿಗೆ ಮುಗಿಬಿದ್ದವು. 1840ರ ದಶಕದಿಂದಲೇ ಅಮೆರಿಕದ ತಳಿ ಬೆಳೆಯುತ್ತಿದ್ದ ಧಾರವಾಡದಲ್ಲಿ ಬೆಲೆ ಗಗನಕ್ಕೇರಿತು. ಆ ಹತ್ತಿಯ ಸಾಗಣೆಗೆಂದು ಕಾರವಾರ ಬಂದರಿನ ಮೇಲೂ ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಬಿತ್ತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿಯಿತು.