ಸೊಂಟನೋವಿಗೆ ಅಕ್ಯುಪಂಕ್ಚರ್: ಮಾಡಿಸಿಕೊಂಡವರು ಹೇಳಿ

ಪ್ರಶ್ನೆ: ಅಮ್ಮನಿಗೆ ಹಳೇ ಸೊಂಟನೋವು. ಮಾತ್ರೆ ನುಂಗಿ ನುಂಗಿ ಗ್ಯಾಸ್ಟ್ರಿಕ್ ಜಾಸ್ತಿಯಾಗಿದೆ. ಪಕ್ಕದ ಮನೆಯವರು ಅಕ್ಯುಪಂಕ್ಚರ್ ಮಾಡಿಸಿ ಅನ್ನುತ್ತಾರೆ. ಸೂಜಿ ಚುಚ್ಚಿದರೆ ನೋವು ಹೇಗೆ ಹೋಗುತ್ತದೆ? ಅಮ್ಮನಿಗೆ ಸೂಜಿ ಅಂದರೆ ಭಯ ಬೇರೆ.

ಉತ್ತರ 1: ನನಗೂ ಸೊಂಟದ್ದೇ ತೊಂದರೆ ಇತ್ತು. ಅಮ್ಮನಿಗೆ ಧೈರ್ಯ ಹೇಳಿ. ಇಂಜೆಕ್ಷನ್ ಸೂಜಿಯ ಹಾಗೆ ಇದರಲ್ಲಿ ತೂತಿಲ್ಲ, ದಪ್ಪ ಕಾಲು ಮಿಲಿಮೀಟರ್ ಆಸುಪಾಸು. ಚರ್ಮ ದಾಟುವಾಗ ಸೊಳ್ಳೆ ಕಚ್ಚಿದಷ್ಟು ನೋವು. ಆಮೇಲೆ ಸೂಜಿಯನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತಾರೆ. ಆಗ ಒಳಗೆ ಭಾರ, ಜೋಮು, ಏನೋ ಎಳೆದ ಹಾಗೆ. ಹಾಗಾದರೆ ಸೂಜಿ ಸರಿಯಾಗಿ ಕೂತಿದೆ ಅಂತ ಲೆಕ್ಕ. ಅರ್ಧ ಗಂಟೆ ಬೋರಲು ಮಲಗಿರಬೇಕು, ನನಗೆ ಅಲ್ಲೇ ನಿದ್ದೆ ಹತ್ತುತ್ತಿತ್ತು. ನೋವು ಪೂರ್ತಿ ಹೋಗಲಿಲ್ಲ. ಆದರೆ ಬೆಳಿಗ್ಗೆ ಗೋಡೆ ಹಿಡಿದು ಏಳುವುದು ತಪ್ಪಿತು, ಮಾತ್ರೆಯೂ ಕಡಿಮೆಯಾಯಿತು.

ಉತ್ತರ 2: ನಾನು ಫಿಸಿಯೋಥೆರಪಿಸ್ಟ್. ಚೀನಾದ ಹಳೇ ವೈದ್ಯದ ಪ್ರಕಾರ ಮೈಯಲ್ಲಿ 'ಚಿ' ಎಂಬ ಶಕ್ತಿ ಹರಿಯುವ ದಾರಿಗಳಿವೆ. ಅಂಥ ದಾರಿಗಳು ಅಂಗರಚನೆಯಲ್ಲಿ ಯಾರಿಗೂ ಸಿಕ್ಕಿಲ್ಲ. ಸಿಕ್ಕಿರುವುದು ನರಗಳ ಕೆಲಸ. ಚುಚ್ಚಿದ ಸುದ್ದಿ ಬೆನ್ನುಹುರಿಗೆ, ಮಿದುಳಿಗೆ ಮುಟ್ಟಿ, ನೋವು ತಗ್ಗಿಸುವ ಎಂಡಾರ್ಫಿನ್ ಹೊರಬರುತ್ತದೆ. 1970ರ ದಶಕದಲ್ಲೇ ಇದನ್ನು ಪರೀಕ್ಷಿಸಿದ್ದರು: ಎಂಡಾರ್ಫಿನ್ ತಡೆಯುವ ನಲಾಕ್ಸೋನ್ ಕೊಟ್ಟರೆ ಸೂಜಿಯ ಆರಾಮವೂ ತಗ್ಗಿತು. 2010ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಇಲಿಗಳ ಮಂಡಿ ಹತ್ತಿರ ಚುಚ್ಚಿ ನೋಡಿದರು. ಸೂಜಿಯ ಸುತ್ತ ಅಡಿನೋಸಿನ್ ಏರಿತ್ತು, ಅದೂ ನೋವು ಇಳಿಸುವಂಥದ್ದೇ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲೇಬೇಕು. ಜರ್ಮನಿಯಲ್ಲಿ ಸಾವಿರಕ್ಕೂ ಹೆಚ್ಚು ಸೊಂಟನೋವಿನವರ ಮೇಲೆ ಮಾಡಿದ ಪರೀಕ್ಷೆ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ನೋಡಿದರೆ, ಶಾಸ್ತ್ರದ ಪ್ರಕಾರ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ಗುಣ ಕಂಡಿತ್ತು. ಬೇರೆ ಕಡೆ ಸುಮ್ನೆ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ 44. ಮಾತ್ರೆ, ವ್ಯಾಯಾಮದವರಲ್ಲಿ 27. ಅಂದರೆ ಎಲ್ಲಿ ಚುಚ್ಚಿದರು ಅನ್ನುವುದಕ್ಕಿಂತ ಚುಚ್ಚಿಸಿಕೊಳ್ಳುವುದು, ಆರೈಕೆ, ಗುಣವಾಗುತ್ತದೆ ಅನ್ನುವ ನಂಬಿಕೆ, ಇವೇ ಜಾಸ್ತಿ ಕೆಲಸ ಮಾಡಿರಬೇಕು ಅಲ್ವಾ? ಆರಾಮ ನಿಜ, ಮಾಡಿಸಿ. ಆದರೆ ಸವೆದ ಡಿಸ್ಕ್ ಸೂಜಿಯಿಂದ ಸರಿಯಾಗುತ್ತದೆ ಅಂದರೆ ನಂಬಬೇಡಿ. ಬೆನ್ನಿನ ವ್ಯಾಯಾಮ ಬಿಡಿಸಬೇಡಿ.

ಉತ್ತರ 3: ತಾಯಿಯವರು ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಪೇಸ್‌ಮೇಕರ್ ಇದ್ದರೆ ಸೂಜಿಗೆ ಕರೆಂಟ್ ಕೊಡುವ ವಿಧಾನ ಬೇಡ. ಹೊಸ ಸೂಜಿಯ ಪ್ಯಾಕೆಟ್ ನಿಮ್ಮ ಎದುರೇ ಒಡೆಯಲಿ. ಕಾಲು ಮರಗಟ್ಟುವುದು, ಮೂತ್ರ ಕಟ್ಟುವುದು ಇದ್ದರೆ ಸೂಜಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಇನ್ನು, ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ. ನಮ್ಮ ಅತ್ತೆಗೆ ಹಾಗೇ ತಲೆಸುತ್ತು ಬಂದಿತ್ತು.