ಎರಡು ಸೆಕೆಂಡಿನ ಕರೆಂಟು

ಗೋಣಿಕೊಪ್ಪದ ಬೋಪಣ್ಣನ ಮನೆಯಲ್ಲಿ ಮೂರು ದಿನದಿಂದ ಕರೆಂಟಿಲ್ಲ. ಆಗಸ್ಟ್ ಮಳೆಗೆ ಸಿಲ್ವರ್ ಮರವೊಂದು ಲೈನ್ ಮೇಲೆ ಬಿದ್ದಿದೆ. ನಾವು ಮೂವರೂ ಬೆಲ್ಲದ ಕಾಫಿ ಹಿಡಿದು ಒಲೆ ಮುಂದೆ ಕೂತಿದ್ದೆವು. ಇದ್ದಕ್ಕಿದ್ದಂತೆ ಬಲ್ಬು ಫಳ್ಳನೆ ಹೊತ್ತಿ, ಆರಿತು.

"ದೂರದ ಬಾಹ್ಯಾಕಾಶದಲ್ಲಿ ಆಗುವ ಗಾಮಾ ಕಿರಣದ ಸಿಡಿತವೂ ಹೀಗೇ," ಎಂದೆ. "ಗಿಡ್ಡ ಜಾತಿಯದ್ದು ಎರಡು ಸೆಕೆಂಡಿನೊಳಗೆ ಮುಗಿಯುತ್ತದೆ."

"ನೀನು ಶುರು ಮಾಡಿದ್ದು ಮಾತ್ರ ಮುಗಿಯೋದಿಲ್ಲ," ಎಂದ ಪೊನ್ನಪ್ಪ.

ಬೋಪಣ್ಣನಿಗೆ ಅನುಮಾನ. "ಅಷ್ಟರಲ್ಲಿ ದೂರದರ್ಶಕ ತಿರುಗಿಸೋದು ಹೇಗೆ ಮಾರಾಯ?"

"ಅದರ ಹಿಂದೆ ಉಳಿಯುವ ಮಂಕು ಹೊಳಪನ್ನು ಹಿಡಿಯೋದು. ಹುತ್ತರಿಗೆ ನೀನು ಕೋವಿ ಹೊಡೀತೀಯಲ್ಲ? ಢಂ ಅನ್ನೋದು ಒಂದು ಕ್ಷಣ. ಮದ್ದಿನ ವಾಸನೆ ಅಂಗಳದಲ್ಲೇ ಸುತ್ತುತ್ತದೆ. ಯಾರ ಮನೆಯಲ್ಲಿ ಹೊಡೆದದ್ದು ಅಂತ ಪತ್ತೆಯಾಗೋದೇ ಅದರಿಂದ."

ಎರಡು ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಸತ್ತ ದೊಡ್ಡ ನಕ್ಷತ್ರಗಳ ದಟ್ಟ ತಿರುಳುಗಳು, ಡಿಕ್ಕಿ ಹೊಡೆದಾಗ ಇಂಥ ಗಿಡ್ಡ ಸಿಡಿತವಾಗುತ್ತದೆ. ಆಗ ಕಿರಿದಾದ ಧಾರೆಯೊಂದು ಚಿಮ್ಮಿ, ಸುತ್ತಲಿನ ಅನಿಲಕ್ಕೆ ಗುದ್ದುತ್ತದೆ. ಗುದ್ದಿದ ಜಾಗ ಎಕ್ಸ್-ರೇ, ಬೆಳಕು, ರೇಡಿಯೋದಲ್ಲಿ ಮಿನುಗುತ್ತದೆ. ಇಂಥ ಜೋಡಿಗಳು ಎಷ್ಟೋ ಸಲ ಗ್ಯಾಲಕ್ಸಿಯ ಅಂಚಿಗೆ ಹೋಗಿ ಡಿಕ್ಕಿಯಾಗುತ್ತವೆ. ಅಲ್ಲಿ ಅನಿಲ ತೆಳು, ಹೊಳಪೂ ತೆಳು.

"2004ರಲ್ಲಿ ಹಾರಿಸಿದ ಸ್ವಿಫ್ಟ್ ಉಪಗ್ರಹ ಸಿಡಿತ ಕಂಡರೆ ತಾನೇ ತಿರುಗುತ್ತದೆ. 2005ರ ಮೇ 9ರಂದು ಒಂದು ನಿಮಿಷದಲ್ಲೇ ತಿರುಗಿ, ಗಿಡ್ಡ ಸಿಡಿತದ ಎಕ್ಸ್-ರೇ ಹೊಳಪನ್ನು ಮೊದಲ ಸಲ ಹಿಡಿಯಿತು. ಸಿಕ್ಕಿದ್ದು 11 ಫೋಟಾನು, ಅಂದರೆ ಬೆಳಕಿನ ಕಣ."

"ಹನ್ನೊಂದೇ?" ಪೊನ್ನಪ್ಪ ಲೋಟ ಇಟ್ಟ. "ನಮ್ಮ ಬೇಲಿ ಜಗಳ ನೋಡೋಕೂ ಅದಕ್ಕಿಂತ ಜಾಸ್ತಿ ಜನ ಬರ್ತಾರೆ!"

"2017ರ ಡಿಕ್ಕಿಯದ್ದು ಕೇಳು. ಆಗಸ್ಟ್ 17. ಹದಿಮೂರು ಕೋಟಿ ಜ್ಯೋತಿರ್ವರ್ಷ ದೂರ. ಡಿಕ್ಕಿಗೆ ಜಾಗವೇ ಅಲುಗಿ ಹೊರಟ ಗುರುತ್ವದ ಅಲೆ ಮೊದಲು ಬಂತು, ಅದಾಗಿ 1.7 ಸೆಕೆಂಡಿಗೆ ಸಿಡಿತ. ಧಾರೆ ನಮ್ಮ ಕಡೆ ನೇರ ಇರಲಿಲ್ಲ. ಹಾಗಾಗಿ ಅದರ ಎಕ್ಸ್-ರೇ ಹೊಳಪು ಕಂಡದ್ದು ಒಂಬತ್ತು ದಿನ ಬಿಟ್ಟು, ರೇಡಿಯೋ ಹದಿನಾರು ದಿನ ಬಿಟ್ಟು."

"ನಮ್ಮ ಲೈನ್‌ಮ್ಯಾನ್ ಪರವಾಗಿಲ್ಲ ಹಾಗಾದ್ರೆ," ಎಂದ ಬೋಪಣ್ಣ.

"ಅದೇ ಡಿಕ್ಕಿಯಲ್ಲಿ ಚಿನ್ನದಂಥ ಭಾರದ ಧಾತುಗಳೂ ಹುಟ್ಟಿದವು."

ಪೊನ್ನಪ್ಪ ಈಗ ನೆಟ್ಟಗೆ ಕೂತ. "ನಮ್ಮವಳ ಪತ್ತಾಕ್ ಸರದ ಚಿನ್ನ ಹಿಂಗೇ ಬಂದದ್ದಾ? ಇದನ್ನ ಮೊದಲೇ ಹೇಳಬಾರದಿತ್ತಾ!"

ನಾನು ಬಾಯಿ ತೆರೆಯುವಷ್ಟರಲ್ಲಿ ಬೋಪಣ್ಣ ಮೂಗು ಎತ್ತಿದ. ಏನೋ ಸುಟ್ಟ ವಾಸನೆ. ಒಲೆಯದ್ದಲ್ಲ. ಟಾರ್ಚ್ ಹಿಡಿದು, ಮೂಗಿನ ದಾರಿಯಲ್ಲೇ ನಡುಮನೆ ದಾಟಿ ಫ್ರಿಜ್ಜಿನ ಹಿಂದೆ ಬಗ್ಗಿದ.

"ಸ್ಟೆಬಿಲೈಜರ್ ಹೋಯಿತು!" ಎಂದು ಕೂಗು ಬಂತು.

ಪೊನ್ನಪ್ಪ ಕೂತಲ್ಲಿಂದಲೇ ಕೇಳಿದ: "ಅದರಲ್ಲಿ ಚಿನ್ನ ಗಿನ್ನ ಏನಾದರೂ?"